ಇಳಿವಯಸ್ಸಿನವರ ಬೆನ್ನೆಲುಬು ಮತ್ತು ಆಹಾರದ ಸುಣ್ಣಾಂಶ

(ಭಾಷಣದ ಪಾಠ)



ಕಡಲೆಕಾಯಿ ಬೆಳೆಗೆ ಹೂ ಬಿಡುವ ಸಮಯದಲ್ಲಿ ಜಿಪ್ಸಮ್ ಕೊಡದಿದ್ದರೆ ಕಾಯಿ ಜೊಳ್ಳಾಗುತ್ತದೆ ಎಂಬುದು ರೈತರಿಗೆ ತಿಳಿದ ವಿಷಯ. ಮೇಲೆ ಗಿಡ ಹಸಿರಾಗಿಯೇ ಇರುತ್ತದೆ. ನೆಲ ಬಗೆದು ಕಿತ್ತಾಗಲೇ ಒಳಗೆ ಕಾಳು ತುಂಬಿಲ್ಲವೆಂದು ಗೊತ್ತಾಗುವುದು. ಇದಕ್ಕೆ ಒಂದು ಮುಖ್ಯ ಕಾರಣ ಸುಣ್ಣಾಂಶದ, ಅಂದರೆ ಕ್ಯಾಲ್ಸಿಯಂನ ಕೊರತೆ. ಹೊಲದಲ್ಲಿ ಈ ಕೊರತೆಯನ್ನು ಗುರುತಿಸುವ ಮನೆಯಲ್ಲೇ, ಪಡಸಾಲೆಯಲ್ಲಿ ಕುಳಿತ ತಾಯಿಯ ಬೆನ್ನೆಲುಬು ಅದೇ ರೀತಿ ಒಳಗೊಳಗೇ ಜೊಳ್ಳಾಗುತ್ತಿರಬಹುದು. ಅದನ್ನು ಯಾರೂ ಪರೀಕ್ಷೆ ಮಾಡಿಸುವುದಿಲ್ಲ. ಈ ಭಾಷಣದ ವಿಷಯ ಅದೇ.

ಹೊಲ ಬದಲಾಯಿತು, ತಟ್ಟೆಯೂ ಬದಲಾಯಿತು

ಬೆಂಗಳೂರಿನ ಸುತ್ತಣ ಪ್ರದೇಶ ಹಿಂದಿನಿಂದಲೂ ರಾಗಿಯ ಸೀಮೆ. ಇಂದು ಕಂಪ್ಯೂಟರ್ ಕಂಪನಿಗಳಿಗೆ ಹೆಸರಾದ ವೈಟ್‌ಫೀಲ್ಡ್ ಕೂಡ 1882ರಲ್ಲಿ ಮೈಸೂರು ಮಹಾರಾಜರು ಆಂಗ್ಲೋ-ಇಂಡಿಯನ್ ಸಮುದಾಯಕ್ಕೆ ಕೊಟ್ಟ ಭೂಮಿಯಲ್ಲಿ ಬೇಸಾಯಗಾರರ ನೆಲೆಯಾಗಿಯೇ ಆರಂಭವಾಯಿತು. ಪೀಣ್ಯದಲ್ಲಿ 1970ರ ದಶಕದಲ್ಲಿ ಕೈಗಾರಿಕಾ ಪ್ರದೇಶ ಬೆಳೆಯಿತು. ಅದೇ ದಶಕದ ಕೊನೆಯ ಭಾಗದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಬಿತ್ತು. 1990ರ ದಶಕದಲ್ಲಿ ವೈಟ್‌ಫೀಲ್ಡಿನಲ್ಲಿ ತಂತ್ರಜ್ಞಾನ ಪಾರ್ಕು ಬಂದಿತು. ರಾಗಿಯ ಹೊಲಗಳು ಮೊದಲು ನಿವೇಶನಗಳಾದವು, ಅನಂತರ ಬಾಡಿಗೆ ಮನೆಗಳ ಸಾಲುಗಳಾದವು.

ಆನೇಕಲ್, ಹೊಸಕೋಟೆ, ನೆಲಮಂಗಲದ ಕಡೆ ಯಾವ ಊರಿನಲ್ಲಾದರೂ ಕಾಣಬಹುದಾದ ಒಂದು ಮನೆಯನ್ನು ಕಣ್ಮುಂದೆ ತಂದುಕೊಳ್ಳಿ. ಮಗ ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾನೆ. ಸೊಸೆ ಗಾರ್ಮೆಂಟ್ಸ್ ಕೆಲಸ ಮುಗಿಸಿ ರಾತ್ರಿ ಮನೆ ಸೇರುತ್ತಾಳೆ. ಮುದ್ದೆ ತಿರುವಲು ಸಮಯವಿಲ್ಲ, ಕುಕ್ಕರಿನಲ್ಲಿ ಅನ್ನ ಬೇಗ ಆಗುತ್ತದೆ. ಎರಡು ಸೀಮೆಹಸುಗಳಿವೆ, ಆದರೆ ಹಾಲೆಲ್ಲ ಡೇರಿಗೆ. ಹಗಲೆಲ್ಲ ಮನೆ ಕಾಯುವ ಅಜ್ಜಿಗೆ ಬೆಳಿಗ್ಗೆ ಕಾಫಿ ಬಿಸ್ಕತ್ತು, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಅದೇ ಅನ್ನ. ಒಂದು ದಿನ ಹಿಂಡಿ ಕಲಸಿದ ಬಕೆಟ್ ಎತ್ತುವಾಗ ಬೆನ್ನಿನಲ್ಲಿ ಚಳಕು ಹಿಡಿಯುತ್ತದೆ. "ವಾಯು ಹಿಡಿದಿರಬೇಕು, ಎಣ್ಣೆ ತಿಕ್ಕಿದರೆ ಹೋಗುತ್ತೆ" ಎಂದು ಅಜ್ಜಿ ಹೇಳುತ್ತಾಳೆ. ತಿಂಗಳೆರಡು ತಿಂಗಳಲ್ಲಿ ನೋವು ಕಡಿಮೆಯಾಗುತ್ತದೆ, ಎಲ್ಲರೂ ಅದನ್ನು ಮರೆಯುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಅಜ್ಜಿಯ ಬೆನ್ನು ಬಾಗಿರುತ್ತದೆ. ಉಟ್ಟ ಸೀರೆಯ ನೆರಿಗೆ ನೆಲ ಗುಡಿಸುತ್ತಿರುತ್ತದೆ. ಮೊದಲು ಕೈಗೆ ಎಟುಕುತ್ತಿದ್ದ ಗೂಡು ಈಗ ಎಟುಕುವುದಿಲ್ಲ.

ವಯಸ್ಸಾದ ಮೇಲೆ ಬೆನ್ನು ಬಾಗುವುದು ಸಹಜವೆಂದು ಬಹಳ ಮಂದಿ ನಂಬಿದ್ದಾರೆ. ಅನೇಕ ವೇಳೆ ಇದು ವಯಸ್ಸಿನ ಬಾಗಲ್ಲ, ಮೂಳೆ ಮುರಿದದ್ದು.

ಮೂಳೆಯೆಂಬ ಹಗೇವು

ಹಿಂದೆ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಸುಗ್ಗಿಯಲ್ಲಿ ತುಂಬಿದ್ದನ್ನು ಬರಗಾಲದಲ್ಲಿ ತೆಗೆದು ಉಣ್ಣುತ್ತಿದ್ದರು. ದೇಹವೂ ಸುಣ್ಣಾಂಶದ ವಿಚಾರದಲ್ಲಿ ಹೀಗೆಯೇ ನಡೆದುಕೊಳ್ಳುತ್ತದೆ. ವಯಸ್ಕರ ದೇಹದಲ್ಲಿ ಸುಮಾರು ಒಂದು ಕಿಲೋಗ್ರಾಂ ಕ್ಯಾಲ್ಸಿಯಂ ಇದ್ದು, ಅದರ ಶೇಕಡಾ 99 ಭಾಗ ಮೂಳೆ ಮತ್ತು ಹಲ್ಲುಗಳಲ್ಲಿ ಶೇಖರವಾಗಿರುತ್ತದೆ. ಉಳಿದ ಶೇಕಡಾ ಒಂದು ಭಾಗ ರಕ್ತದಲ್ಲಿಯೂ ಇತರ ಅಂಗಾಂಶಗಳಲ್ಲಿಯೂ ಇರುತ್ತದೆ. ಹೃದಯ ಬಡಿಯಲು, ಸ್ನಾಯು ಸಂಕುಚಿಸಲು, ರಕ್ತ ಹೆಪ್ಪುಗಟ್ಟಲು ಇದು ಬೇಕೇ ಬೇಕು. ಆದುದರಿಂದ ರಕ್ತದಲ್ಲಿನ ಪ್ರಮಾಣ ಇಳಿಯಲು ದೇಹ ಬಿಡುವುದಿಲ್ಲ. ಊಟದಿಂದ ಬರುವುದು ಸಾಲದಾದಾಗ ಹಗೇವಿಗೆ ಕೈಹಾಕುತ್ತದೆ, ಅಂದರೆ ಮೂಳೆಯಿಂದ ತೆಗೆದು ರಕ್ತಕ್ಕೆ ಕೊಡುತ್ತದೆ. ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಎಂದು ಬಂದರೂ ಮೂಳೆ ಬರಿದಾಗುತ್ತಿರಬಹುದು ಎನ್ನುವುದು ಇದರಿಂದಲೇ.

ಈ ಹಗೇವು ತುಂಬುವ ಕಾಲ ಬಾಲ್ಯ ಮತ್ತು ಯೌವನ. ಸುಮಾರು 30 ವರ್ಷದ ಹೊತ್ತಿಗೆ ಮೂಳೆಯ ಸಾಂದ್ರತೆ ಗರಿಷ್ಠ ಮಟ್ಟ ತಲಪುತ್ತದೆ. ಅನಂತರ ನಿಧಾನವಾಗಿ ಇಳಿಯುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲಿನ ಮೊದಲ ಕೆಲವು ವರ್ಷಗಳಲ್ಲಿ ಈ ಇಳಿತ ಬಲು ಬೇಗ ಆಗುತ್ತದೆ, ಏಕೆಂದರೆ ಮೂಳೆಯನ್ನು ಕಾಯುವ ಈಸ್ಟ್ರೋಜನ್ ಎಂಬ ಸ್ರಾವ ಆಗ ಕಡಿಮೆಯಾಗಿರುತ್ತದೆ. ಮೂಳೆ ತೆಳುವಾಗಿ ತೂತುತೂತಾಗುವ ಈ ಸ್ಥಿತಿಗೆ ಆಸ್ಟಿಯೋಪೊರೋಸಿಸ್ ಎನ್ನುತ್ತಾರೆ. ಗಂಡಸರಿಗೂ ಇದು ಬರುತ್ತದೆ, ಸ್ವಲ್ಪ ತಡವಾಗಿ.

ಸದ್ದಿಲ್ಲದ ಮುರಿತ

ಬೆನ್ನೆಲುಬು ಒಂದರ ಮೇಲೊಂದು ಜೋಡಿಸಿದ ಮಣಿಗಳ ಸಾಲು. ಪ್ರತಿ ಮಣಿಯ ಒಳಭಾಗ ಜೇನುಗೂಡಿನಂತೆ ರಚಿತವಾಗಿದೆ. ಈ ಗೂಡಿನ ಗೋಡೆಗಳು ತೆಳುವಾದಾಗ ಮಣಿ ಮೇಲಿನ ಭಾರಕ್ಕೆ ಕುಸಿಯುತ್ತದೆ. ಕೈಕಾಲಿನ ಮೂಳೆಯಂತೆ ಇದು ಬಿದ್ದೇ ಮುರಿಯಬೇಕೆಂದಿಲ್ಲ. ಬಗ್ಗಿ ಬಿಂದಿಗೆ ಎತ್ತಿದಾಗ, ರಸ್ತೆಗುಂಡಿಯಲ್ಲಿ ಬಸ್ಸು ಎತ್ತಿಹಾಕಿದಾಗ, ಜೋರಾಗಿ ಕೆಮ್ಮಿದಾಗಲೂ ಮುರಿಯಬಹುದು. ಇಂತಹ ಮುರಿತಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ವೈದ್ಯರ ಗಮನಕ್ಕೆ ಬರುತ್ತವೆ. ಉಳಿದವು ವಾಯು, ಉಳುಕು, ವಯಸ್ಸಿನ ನೋವು ಎಂಬ ಹೆಸರಿನಲ್ಲಿ ಮುಚ್ಚಿಹೋಗುತ್ತವೆ.

ಮುಚ್ಚಿಹೋಗುವುದರಲ್ಲಿಯೇ ಅಪಾಯವಿದೆ. 2001ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ, ಒಂದು ಮಣಿ ಮುರಿದ ವಯಸ್ಸಾದ ಮಹಿಳೆಯರಲ್ಲಿ ಐವರಿಗೆ ಒಬ್ಬರಂತೆ ಮುಂದಿನ ಒಂದು ವರ್ಷದೊಳಗೆ ಇನ್ನೊಂದು ಮಣಿ ಮುರಿದದ್ದು ಕಂಡುಬಂದಿತು. ಮಣಿಗಳು ಒಂದರ ನಂತರ ಒಂದು ಕುಸಿದಂತೆ ಎತ್ತರ ಕುಗ್ಗುತ್ತದೆ, ಗೂನು ಬರುತ್ತದೆ, ಎದೆಗೂಡು ಹೊಟ್ಟೆಯ ಕಡೆಗೆ ಇಳಿಯುತ್ತದೆ. ಉಸಿರು ಪೂರ್ತಿ ಎಳೆಯಲಾಗುವುದಿಲ್ಲ, ಹೊಟ್ಟೆ ತುಂಬ ಉಣ್ಣಲಾಗುವುದಿಲ್ಲ. ಊಟ ಕಡಿಮೆಯಾದಂತೆ ಮೂಳೆ ಇನ್ನಷ್ಟು ಸೊರಗುತ್ತದೆ.

ಎಷ್ಟು ಬೇಕು, ಎಲ್ಲಿ ದೊರೆಯುತ್ತದೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2010ರಲ್ಲಿ ವಯಸ್ಕರಿಗೆ ದಿನಕ್ಕೆ 600 ಮಿಲಿಗ್ರಾಂ ಕ್ಯಾಲ್ಸಿಯಂ ಸಾಕೆಂದಿತ್ತು. 2020ರಲ್ಲಿ ಇದನ್ನು 1,000 ಮಿ.ಗ್ರಾಂ.ಗೆ ಏರಿಸಿ, ಮುಟ್ಟು ನಿಂತ ಮಹಿಳೆಯರಿಗೆ 1,200 ಮಿ.ಗ್ರಾಂ. ಎಂದು ನಿಗದಿಪಡಿಸಿದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದು 7ರಿಂದ 8 ಮಿ.ಗ್ರಾಂ. ಮಾತ್ರ. ಗೋಧಿ ಹಿಟ್ಟಿನಲ್ಲಿ ಸುಮಾರು 30 ಮಿ.ಗ್ರಾಂ. ಹಸುವಿನ ಹಾಲಿನಲ್ಲಿ ಸುಮಾರು 118, ಹುರುಳಿಯಲ್ಲಿ 269, ನುಗ್ಗೆಸೊಪ್ಪಿನಲ್ಲಿ 314 ಮಿ.ಗ್ರಾಂ. ಇದೆ. ಎಳ್ಳಿನಲ್ಲಿ 1,000 ಮಿ.ಗ್ರಾಂ.ಗೂ ಹೆಚ್ಚು.

ಈ ಅಂಕಿಗಳ ಅರ್ಥವೇನೆಂದು ಒಂದು ಲೆಕ್ಕದಿಂದ ತಿಳಿಯಬಹುದು. ಹಿಂದೆ ಹೊಲದಲ್ಲಿ ದುಡಿಯುತ್ತಿದ್ದವರು ದಿನಕ್ಕೆ 300 ಗ್ರಾಂ ರಾಗಿ ಉಣ್ಣುತ್ತಿದ್ದರೆ ಅದೊಂದರಿಂದಲೇ 1,092 ಮಿ.ಗ್ರಾಂ. ಸುಣ್ಣಾಂಶ ತಟ್ಟೆಗೆ ಬರುತ್ತಿತ್ತು. ಅಷ್ಟೇ ತೂಕದ ಅಕ್ಕಿಯಿಂದ ಬರುವುದು ಸುಮಾರು 23 ಮಿ.ಗ್ರಾಂ. ಹೊಟ್ಟೆ ಎರಡರಿಂದಲೂ ತುಂಬುತ್ತದೆ, ಹಗೇವು ತುಂಬುವುದಿಲ್ಲ. ಅನ್ನದ ಜೊತೆಗೆ ಹಾಲು, ಮೊಸರು, ಸೊಪ್ಪು ಹೆಚ್ಚಾಗಿದ್ದರೆ ಚಿಂತೆಯಿರಲಿಲ್ಲ. ಆದರೆ ರಾಗಿ ಹೋದ ಜಾಗಕ್ಕೆ ಅನ್ನ ಮಾತ್ರ ಬಂದದ್ದು ಅನೇಕ ಮನೆಗಳ ಸ್ಥಿತಿ.

ಅರವತ್ತು ದಾಟಿದವರಿಗೆ 300 ಗ್ರಾಂ ರಾಗಿ ಉಣ್ಣಲು ಆಗದು, ಬೇಕಾಗಿಯೂ ಇಲ್ಲ. ದಿನಕ್ಕೆ ಈ ಕೆಳಗಿನಷ್ಟು ಸಾಕು:

ರಾಗಿ ಹಿಟ್ಟು 100 ಗ್ರಾಂ (ಒಂದು ಸಣ್ಣ ಮುದ್ದೆ ಮತ್ತು ಒಂದು ಲೋಟ ಅಂಬಲಿ) – 364 ಮಿ.ಗ್ರಾಂ.
ಹಾಲು, ಮೊಸರು, ಮಜ್ಜಿಗೆ ಸೇರಿ ಅರ್ಧ ಲೀಟರ್ ಹಾಲಿನಷ್ಟು – 590 ಮಿ.ಗ್ರಾಂ.
ಹುರುಳಿ 30 ಗ್ರಾಂ (ಸಾರು ಅಥವಾ ಉಸಲಿ) – 80 ಮಿ.ಗ್ರಾಂ.
ನುಗ್ಗೆಸೊಪ್ಪು 50 ಗ್ರಾಂ – 157 ಮಿ.ಗ್ರಾಂ.

ಒಟ್ಟು ಸುಮಾರು 1,190 ಮಿ.ಗ್ರಾಂ. ಇದರಲ್ಲಿ ಅಂಗಡಿಯ ಡಬ್ಬಿಯ ಪುಡಿ ಯಾವುದೂ ಇಲ್ಲ. ಹಲ್ಲು ಬಿದ್ದವರಿಗೆ ಮುದ್ದೆಗಿಂತ ಅನುಕೂಲವಾದ ಊಟವೂ ಇಲ್ಲ. ಅದನ್ನು ಅಗಿಯಬೇಕಾಗಿಲ್ಲ, ನುಂಗಿದರಾಯಿತು.

ರಾಗಿಯ ಸುಣ್ಣಾಂಶ ಮೈಗೆ ಹತ್ತಬೇಕು

ತಟ್ಟೆಯಲ್ಲಿರುವುದೆಲ್ಲ ರಕ್ತಕ್ಕೆ ಸೇರುವುದಿಲ್ಲ. ರಂಜಕದ ಗೊಬ್ಬರ ಹಾಕಿದರೂ ಮಣ್ಣಿನಲ್ಲಿ ಕಟ್ಟಿಕೊಂಡು ಬೆಳೆಗೆ ಸಿಗದಂತೆ, ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತು ಕ್ಯಾಲ್ಸಿಯಂನ ಒಂದು ಭಾಗವನ್ನು ಕಟ್ಟಿಹಾಕುತ್ತದೆ. ದಂಟು, ಪಾಲಕ್ ಮುಂತಾದ ಸೊಪ್ಪುಗಳಲ್ಲಿ ಆಕ್ಸಲೇಟ್ ಎಂಬ ವಸ್ತು ಇದೇ ಕೆಲಸ ಮಾಡುತ್ತದೆ. ಆದುದರಿಂದ ಒಂದೇ ಆಹಾರವನ್ನು ನಂಬದೆ, ರಾಗಿಯ ಜೊತೆಗೆ ಹಾಲು ಮಜ್ಜಿಗೆ ಇರಬೇಕು.

ಫೈಟೇಟನ್ನು ತಗ್ಗಿಸುವ ಉಪಾಯಗಳು ಅಜ್ಜಿಯಂದಿರಿಗೆ ಮೊದಲೇ ಗೊತ್ತಿದ್ದವು. ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಒಂದೆರಡು ದಿನ ಮೊಳಕೆ ಬರಿಸಬೇಕು. ಅನಂತರ ಚೆನ್ನಾಗಿ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸಬೇಕು. ಅಂಬಲಿಯನ್ನು ರಾತ್ರಿಯಿಡೀ ಹುಳಿ ಬರಿಸಿ ಮಜ್ಜಿಗೆ ಬೆರೆಸಿ ಕುಡಿಯುವ ರೂಢಿಯೂ ಒಳ್ಳೆಯದು. ಇನ್ನೊಂದು ಎಚ್ಚರಿಕೆ: ರಾಗಿಯ ಕ್ಯಾಲ್ಸಿಯಂ ಬಹುಪಾಲು ಕಾಳಿನ ಹೊರಪದರದಲ್ಲಿದೆ. ಹಿಟ್ಟು ಬಿಳುಪಾಗಲೆಂದು ನಯವಾದ ಜರಡಿಯಲ್ಲಿ ಹಿಡಿದು ತವುಡನ್ನು ಹಸುವಿಗೆ ಹಾಕಿದರೆ, ಅಜ್ಜಿಗೆ ಸೇರಬೇಕಾದದ್ದು ಹಸುವಿಗೆ ಸೇರುತ್ತದೆ. ಉಪ್ಪಿನಕಾಯಿ, ಹಪ್ಪಳಗಳೂ ಮಿತಿಯಲ್ಲಿರಲಿ. ಉಪ್ಪು ಹೆಚ್ಚಾದಂತೆ ಮೂತ್ರದಲ್ಲಿ ಸುಣ್ಣಾಂಶವೂ ಹೆಚ್ಚು ಹೊರಹೋಗುತ್ತದೆ.

ಸುಣ್ಣಾಂಶವೊಂದೇ ಸಾಲದು

ಹಾಗಾದರೆ ದಿನಕ್ಕೊಂದು ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಮುರಿತ ತಪ್ಪುತ್ತದೆಯೇ? ವಿಜ್ಞಾನ ಇಲ್ಲಿ ನೇರವಾಗಿ ಹೌದು ಎನ್ನುವುದಿಲ್ಲ. ನ್ಯೂಜಿಲೆಂಡಿನ ಸಂಶೋಧಕರು 2015ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಮಾತ್ರೆ ತೆಗೆದುಕೊಂಡವರಲ್ಲಿ ಬೆನ್ನೆಲುಬಿನ ಮುರಿತ ಸ್ವಲ್ಪಮಟ್ಟಿಗೆ ಕಡಿಮೆಯಿದ್ದರೂ ಆಧಾರ ದುರ್ಬಲವಾಗಿತ್ತು. ಊಟದ ಕ್ಯಾಲ್ಸಿಯಂ ಪ್ರಮಾಣವನ್ನು ಮಾತ್ರ ಅಳೆದು ನೋಡಿದ ಅಧ್ಯಯನಗಳಲ್ಲಿ ಬಹುಪಾಲಿಗೆ ಮುರಿತದೊಂದಿಗೆ ಸಂಬಂಧ ಕಾಣಲಿಲ್ಲ.

ಆದರೆ ಆಸ್ಟ್ರೇಲಿಯಾದಲ್ಲಿ 60 ವೃದ್ಧಾಶ್ರಮಗಳ 7,195 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗ ಬೇರೆಯೇ ಪಾಠ ಕಲಿಸುತ್ತದೆ. ಅಲ್ಲಿನ ವೃದ್ಧರಿಗೆ ವಿಟಮಿನ್ ಡಿ ಮೊದಲೇ ಸಾಕಷ್ಟಿತ್ತು. ಸುಣ್ಣಾಂಶ ದಿನಕ್ಕೆ ಸುಮಾರು 700 ಮಿ.ಗ್ರಾಂ. ಇತ್ತು. ಅರ್ಧದಷ್ಟು ಆಶ್ರಮಗಳಲ್ಲಿ ಹಾಲು, ಮೊಸರು, ಚೀಸ್‌ಗಳನ್ನು ಹೆಚ್ಚಿಸಿ ಕ್ಯಾಲ್ಸಿಯಂ ಅನ್ನು 1,142 ಮಿ.ಗ್ರಾಂ.ಗೆ, ಸಸಾರಜನಕವನ್ನು 58ರಿಂದ 69 ಗ್ರಾಂಗೆ ಏರಿಸಿದರು. ಅಲ್ಲಿ ಒಟ್ಟು ಮುರಿತಗಳು ಶೇಕಡಾ 33ರಷ್ಟು, ಸೊಂಟದ ಮುರಿತಗಳು ಶೇಕಡಾ 46ರಷ್ಟು ಕಡಿಮೆಯಾದವು. ಬೀಳುವುದೂ ಶೇಕಡಾ 11ರಷ್ಟು ಕಡಿಮೆಯಾಯಿತು.

ಬೇಸಾಯಗಾರರಿಗೆ ಇದು ಹೊಸ ಮಾತಲ್ಲ. ಯೂರಿಯಾ ಒಂದನ್ನೇ ಸುರಿದರೆ ಬೆಳೆ ಬರುವುದಿಲ್ಲ. ರಂಜಕ, ಪೊಟ್ಯಾಷ್, ತೇವ, ಸಾವಯವ ಗೊಬ್ಬರ ಎಲ್ಲವೂ ಬೇಕು. ಕೊರತೆ ಇರುವ ಕಡೆ ಕೊಟ್ಟದ್ದು ಫಲ ಕೊಡುತ್ತದೆ, ಅದೂ ಉಳಿದವು ಜೊತೆಗಿದ್ದಾಗ. ಮೂಳೆಗೆ ಸುಣ್ಣಾಂಶದ ಜೊತೆ ಬೇಕಾದವು ಮೂರು.

ಮೊದಲನೆಯದು ಬಿಸಿಲು. ಕರುಳು ಸುಣ್ಣಾಂಶವನ್ನು ಹೀರಿಕೊಳ್ಳಲು ವಿಟಮಿನ್ ಡಿ ಬೇಕು. ಅದನ್ನು ಚರ್ಮ ಬಿಸಿಲಿನಿಂದ ತಯಾರಿಸುತ್ತದೆ. ತಿರುಪತಿಯ ಸುತ್ತ ನಡೆದ ಅಧ್ಯಯನಗಳಲ್ಲಿ ಹೊಲದಲ್ಲಿ ದುಡಿಯುವವರಿಗಿಂತ ಪಟ್ಟಣದವರಲ್ಲಿ ಇದರ ಕೊರತೆ ಹೆಚ್ಚೆಂದು ಕಂಡುಬಂದಿದೆ. ಅಕ್ಕಪಕ್ಕ ಎತ್ತರದ ಕಟ್ಟಡಗಳೆದ್ದು ಅಂಗಳವೇ ಇಲ್ಲದ ಮನೆಯಲ್ಲಿ ಅಜ್ಜಿಗೆ ಬಿಸಿಲೆಲ್ಲಿ? ಗಾಜಿನ ಕಿಟಕಿಯ ಹಿಂದೆ ಕುಳಿತರೆ ಪ್ರಯೋಜನವಿಲ್ಲ, ವಿಟಮಿನ್ ತಯಾರಿಸುವ ಕಿರಣಗಳನ್ನು ಗಾಜು ತಡೆಯುತ್ತದೆ. ಬೆಳಿಗ್ಗೆ 10 ಗಂಟೆಯ ನಂತರ 20-30 ನಿಮಿಷ ಕೈಕಾಲಿಗೆ ಬಿಸಿಲು ಬೀಳುವಂತೆ ತಾರಸಿಯಲ್ಲೋ ಜಗಲಿಯಲ್ಲೋ ಕೂರಿಸಬೇಕು. ಕಡುಬೇಸಿಗೆಯಲ್ಲಿ ತಲೆಗೆ ನೆರಳಿರಲಿ.

ಎರಡನೆಯದು ಸಸಾರಜನಕ. ಹುರುಳಿ, ಅವರೆ, ತೊಗರಿ, ಹಾಲು, ತಿನ್ನುವವರಿಗೆ ಮೊಟ್ಟೆ. ತಿಳಿಸಾರಿನಲ್ಲಿ ಬೇಳೆ ಹುಡುಕಬೇಕಾದ ಸ್ಥಿತಿ ಇರಬಾರದು.

ಮೂರನೆಯದು ನಡಿಗೆ ಮತ್ತು ಕೆಲಸ. ಭಾರ ಹೊರದ ಮೂಳೆ ಬಲ ಕಳೆದುಕೊಳ್ಳುತ್ತದೆ. ದಿನವೂ ಅರ್ಧ ಗಂಟೆ ನಡೆಯಲಿ. ಆದರೆ ಬೆನ್ನು ಬಗ್ಗಿಸಿ ಭಾರ ಎತ್ತುವುದು ಬೇಡ. ಹಿಂಡಿಯ ಬಕೆಟ್ಟನ್ನು ಮಗನೋ ಮೊಮ್ಮಗನೋ ಎತ್ತಲಿ. ಬಚ್ಚಲಿನ ಪಾಚಿ ತಿಕ್ಕಿ ತೆಗೆದು, ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿದರೆ ಎಷ್ಟೋ ಬೀಳುಗಳು ತಪ್ಪುತ್ತವೆ. ಹೊಗೆಸೊಪ್ಪು, ಬೀಡಿ, ಸಾರಾಯಿಗಳು ಮೂಳೆಗೂ ಶತ್ರುಗಳು.

ಕೊಳವೆಬಾವಿಯ ನೀರು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮತ್ತು ಬೆಂಗಳೂರು ಗ್ರಾಮಾಂತರದ ಕೆಲವು ಕಡೆ ಆಳದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1 ಮಿ.ಗ್ರಾಂ. ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5 ಮಿ.ಗ್ರಾಂ. ಮೀರಬಾರದು. ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಬೆನ್ನು ಪೆಡಸಾಗಿ ಕೀಲುಗಳು ಹಿಡಿದುಕೊಳ್ಳುತ್ತವೆ. ಆಹಾರದಲ್ಲಿ ಸುಣ್ಣಾಂಶ ಕಡಿಮೆಯಿದ್ದರೆ ತೊಂದರೆ ಇನ್ನೂ ಹೆಚ್ಚು. ಊರಿನಲ್ಲಿ ಅನೇಕರಿಗೆ ಬೆನ್ನು ಹಿಡಿದಿದ್ದರೆ, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳಿದ್ದರೆ ನೀರಿನ ಪರೀಕ್ಷೆ ಮಾಡಿಸುವುದು ಅಗತ್ಯ.

ವೈದ್ಯರ ಬಳಿಗೆ ಯಾವಾಗ?

ಐವತ್ತು ದಾಟಿದವರಿಗೆ ಇದ್ದಕ್ಕಿದ್ದಂತೆ ಬೆನ್ನು ನೋವು ಬಂದು, ನಿಂತಾಗ ಹೆಚ್ಚಾಗಿ ಮಲಗಿದಾಗ ಕಡಿಮೆಯಾದರೆ, ಅಥವಾ ಎತ್ತರ ಕುಗ್ಗಿದ್ದು ಕಂಡುಬಂದರೆ ಎಣ್ಣೆ ತಿಕ್ಕಿ ಸುಮ್ಮನಾಗದೆ ಕ್ಷ-ಕಿರಣ ಪರೀಕ್ಷೆ ಮಾಡಿಸಬೇಕು. ಕಾಲು ಜೋಮು ಹಿಡಿದರೆ, ಬಲ ಕಳೆದುಕೊಂಡರೆ, ಮಲಮೂತ್ರದ ಹತೋಟಿ ತಪ್ಪಿದರೆ, ನೋವಿನೊಂದಿಗೆ ಜ್ವರವಿದ್ದರೆ ಒಂದು ದಿನವೂ ತಡಮಾಡಬಾರದು. ಉಬ್ಬಸಕ್ಕೋ ಕೀಲುನೋವಿಗೋ ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗಿದವರ ಮೂಳೆ ಬೇಗ ಸವೆಯುತ್ತದೆ. ಅದನ್ನು ವೈದ್ಯರಿಗೆ ಹೇಳಬೇಕು, ತಾವಾಗಿಯೇ ಮಾತ್ರೆ ನಿಲ್ಲಿಸಬಾರದು.

ಮೂಳೆ ಒಮ್ಮೆ ಮುರಿದ ಮೇಲೆ ಊಟವೊಂದೇ ಸಾಲದು. ಮುಂದಿನ ಮುರಿತ ತಡೆಯುವ ಔಷಧಿಗಳಿವೆ, ಅವುಗಳನ್ನು ವೈದ್ಯರ ಸಲಹೆಯಂತೆ ಬಿಡದೆ ತೆಗೆದುಕೊಳ್ಳಬೇಕು. ಮೂತ್ರಪಿಂಡದ ಕಲ್ಲು ಅಥವಾ ಕಾಯಿಲೆ ಇರುವವರು ಕೇಳದೆ ಕ್ಯಾಲ್ಸಿಯಂ ಮಾತ್ರೆ ನುಂಗಬಾರದು.

ಹತ್ತು ಗುಂಟೆಯ ರಾಗಿ

ಕೊನೆಯದಾಗಿ ಹೊಲದ ಮಾತು. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ ರಾಗಿಯ ಇಳುವರಿ ಹೆಚ್ಚಿತು. ಅನಂತರ ಜಿ.ಪಿ.ಯು.-28, ಎಂ.ಎಲ್.-365 ಮುಂತಾದ ತಳಿಗಳು ಬಂದಿವೆ. ಐದು ಜನರ ಸಂಸಾರಕ್ಕೆ ತಲೆಗೆ ದಿನಕ್ಕೆ 100 ಗ್ರಾಂನಂತೆ ವರ್ಷಕ್ಕೆ ಎರಡು ಕ್ವಿಂಟಾಲ್ ರಾಗಿ ಸಾಕು. ಎಕರೆಗೆ 8 ಕ್ವಿಂಟಾಲ್ ಬಂದರೂ ಹತ್ತು ಗುಂಟೆಯಲ್ಲಿ ಅದು ಸಿಗುತ್ತದೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅಥವಾ ಹಿರಿಯರಂತೆ ಅವರೆಯ ಅಕ್ಕಡಿ ಹಾಕಿದರೆ ಸುಣ್ಣಾಂಶದ ಜೊತೆಗೆ ಸಸಾರಜನಕವೂ ಅದೇ ಹೊಲದಿಂದ ಬರುತ್ತದೆ. ಜಮೀನು ಪೂರ್ತಿ ಹೋದವರು ಮನೆಯ ಪಕ್ಕ ಒಂದು ನುಗ್ಗೆಗಿಡ ನೆಡಬಹುದು. ಹಸು ಸಾಕಿದವರು ಹಾಲು ಡೇರಿಗೆ ಒಯ್ಯುವ ಮೊದಲು ಅರ್ಧ ಲೀಟರನ್ನು ಹಿರಿಯರ ಪಾಲೆಂದು ತೆಗೆದಿಡಬೇಕು. ಮಕ್ಕಳಿಗೂ ಮುದ್ದೆ ರೂಢಿಯಾಗಲಿ. ಅವರ ಹಗೇವು ತುಂಬುವ ಕಾಲ ಇದೇ.

ವಿಸ್ತರಣಾ ಕಾರ್ಯಕರ್ತರು ಹಳ್ಳಿಗೆ ಹೋದಾಗ ಬೆಳೆಯ ಯೋಗಕ್ಷೇಮದ ಜೊತೆಗೆ "ಅಜ್ಜಿ ಈಗ ಏನು ಉಣ್ಣುತ್ತಾರೆ?" ಎಂಬ ಒಂದು ಪ್ರಶ್ನೆಯನ್ನೂ ಕೇಳಬೇಕು. ಕಡಲೆಕಾಯಿ ಒಂದು ವರ್ಷ ಜೊಳ್ಳಾದರೆ ಮುಂದಿನ ಮುಂಗಾರಿಗೆ ಮತ್ತೆ ಬಿತ್ತಬಹುದು. ಕುಸಿದ ಬೆನ್ನೆಲುಬಿನ ಮಣಿ ಮತ್ತೆ ಮೊದಲಿನ ಎತ್ತರಕ್ಕೆ ಏಳುವುದಿಲ್ಲ. ಆದುದರಿಂದ ಸೀರೆಯ ನೆರಿಗೆ ನೆಲ ಮುಟ್ಟುವ ಮೊದಲೇ ತಟ್ಟೆಗೆ ಮುದ್ದೆಯೂ ಲೋಟಕ್ಕೆ ಮಜ್ಜಿಗೆಯೂ ಬರಲಿ.